ಡಬ್ಬಿ ಕಿರಿದಾಗಲಿ, ದನಿ ಉಳಿಯಲಿ: ಅಂಕಣದ ಅಳತೆಗೊಂದು ಸ್ಟೀರಿಯೊ

ಗುಳೇದಗುಡ್ಡ: ‘ಖಣ’ ಎಂಬ ಪದಕ್ಕೆ ಉತ್ತರ ಕರ್ನಾಟಕದಲ್ಲಿ ಎರಡು ಅರ್ಥಗಳಿವೆ. ಒಂದು ಕುಪ್ಪಸಕ್ಕೆ ಸಾಲುವಷ್ಟು ಬಟ್ಟೆಯ ತುಂಡು ಎಂಬುದು ಮೊದಲನೆಯದು. ಮನೆಯ ಎರಡು ತೊಲೆಗಳ ನಡುವಿನ ಜಾಗ, ಅಂದರೆ ಅಂಕಣ ಎಂಬುದು ಎರಡನೆಯದು. ಮೊದಲನೆಯ ಅರ್ಥದ ಖಣದಿಂದಾಗಿ ಗುಳೇದಗುಡ್ಡ ನಾಡಿನಾದ್ಯಂತ ಹೆಸರಾಗಿದೆ. ಇಳಕಲ್ಲ ಸೀರೆಗೆ ಗುಳೇದಗುಡ್ಡದ ಖಣವೇ ಒಪ್ಪುವ ಜೋಡಿ ಎನ್ನುವುದು ಈ ಭಾಗದ ಹೆಂಗಳೆಯರೆಲ್ಲ ಬಲ್ಲ ಸಂಗತಿ. ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಅದಕ್ಕೆ ದೊರೆತಿದೆ. ಇಲ್ಲಿನ ಮಾತು ಮಾತ್ರ ಎರಡನೆಯ ಅರ್ಥದ ಖಣಕ್ಕೆ, ಅಂದರೆ ಮನೆಯೊಳಗಿನ ಜಾಗಕ್ಕೆ ಸಂಬಂಧಿಸಿದ್ದು.

ಹಿಂದೆ ಬಾದಾಮಿ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಈ ನೇಕಾರರ ಊರಿನಲ್ಲಿ ಎಷ್ಟೋ ಕುಟುಂಬಗಳಿಗೆ ಮನೆಯೇ ದುಡಿಮೆಯ ತಾಣವೂ ಹೌದು. ಒಂದು ಅಂಕಣವನ್ನು ಮಗ್ಗ ಹಿಡಿದರೆ ಉಳಿದ ಜಾಗದಲ್ಲೇ ಅಡುಗೆ, ಊಟ, ನಿದ್ದೆ, ಮಕ್ಕಳ ಓದು ಎಲ್ಲವೂ ನಡೆಯಬೇಕು. ಇಂಥ ಮನೆಯ ಪಡಸಾಲೆಯಲ್ಲಿ ಎರಡು ಮೂರು ದಶಕಗಳ ಹಿಂದೆ ಬಂದು ಕುಳಿತ ದೊಡ್ಡ ಸ್ಟೀರಿಯೊ ಒಂದಿದೆ ಎಂದು ಭಾವಿಸೋಣ. ಮಧ್ಯದಲ್ಲಿ ಎರಡು ಕ್ಯಾಸೆಟ್‌ಗಳ ಡೆಕ್ಕು, ಅದರ ಮೇಲೆ ಸಿ.ಡಿ. ತಟ್ಟೆ, ಅಕ್ಕಪಕ್ಕ ಮೊಣಕಾಲೆತ್ತರದ ಎರಡು ಸ್ಪೀಕರ್ ಪೆಟ್ಟಿಗೆಗಳು, ಧೂಳು ಬೀಳದಂತೆ ಮೇಲೊಂದು ಹೊದಿಕೆ. ಹೊದಿಕೆ ತೆಗೆದು ವರ್ಷಗಳೇ ಆಗಿರುತ್ತವೆ. ಹಾಡು ಕೇಳುವುದು ಈಗ ಮೊಬೈಲ್‌ನಲ್ಲಿ. ಕ್ಯಾಸೆಟ್ ಡೆಕ್ಕಿನ ಬಾಗಿಲು ತೆರೆಯುವುದಿಲ್ಲ, ವಾಲ್ಯೂಮ್ ಗುಂಡಿ ತಿರುಗಿಸಿದರೆ ಕರಕರ ಸದ್ದು. ಮೂರಡಿ ಜಾಗ ಮಾತ್ರ ಅದರ ವಶದಲ್ಲೇ ಇದೆ.

ಇದನ್ನು ತೆಗೆದುಹಾಕಿ ಅದರ ಬದಲಿಗೆ ಕೈಗೆಟಕುವ ಬೆಲೆಯ ಪುಟ್ಟ ವ್ಯವಸ್ಥೆಯೊಂದನ್ನು ತರುವುದು ಹೇಗೆ? ತಂದರೆ ಕಳೆದುಕೊಳ್ಳುವುದು ಏನು? ಬೆಂಗಳೂರಿನ ಎರಡು ಕೋಣೆಗಳ ಫ್ಲ್ಯಾಟಿನಲ್ಲಿರುವವರಿಗೂ ಹುಬ್ಬಳ್ಳಿಯ ಬಾಡಿಗೆ ಮನೆಯಲ್ಲಿರುವವರಿಗೂ ಎದುರಾಗುವ ಪ್ರಶ್ನೆಗಳೇ ಇವು. ಗುಳೇದಗುಡ್ಡದಂಥ ಊರಿನಲ್ಲಿ ಮಗ್ಗದ ಸದ್ದು, ಕಲ್ಲಿನ ನೆಲ ಮತ್ತು ಕಿರಿದಾದ ಅಂಕಣಗಳ ಕಾರಣದಿಂದ ಅವು ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತವೆ, ಅಷ್ಟೆ.

ಪೆಟ್ಟಿಗೆ ಬೆಳೆದ ಬಗೆ

ಈ ಭಾಗದ ಮನೆಗಳಿಗೆ ಸಂಗೀತ ಬಂದದ್ದು ದೊಡ್ಡ ಪೆಟ್ಟಿಗೆಗಳ ಮೂಲಕವಲ್ಲ. ಇಂದು ಇದೇ ಬಾಗಲಕೋಟೆ ಜಿಲ್ಲೆಗೆ ಸೇರಿರುವ ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿಯವರ ಕಂಠ ದೇಶವನ್ನೆಲ್ಲ ಸುತ್ತಿದ್ದು ಗ್ರಾಮಫೋನ್ ತಟ್ಟೆಗಳ ಮೇಲೆ ಮತ್ತು 1943ರ ‘ಕಿಸ್ಮತ್’ನಂಥ ಚಿತ್ರಗಳಲ್ಲಿ. 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಆರಂಭವಾದ ಮೇಲೆ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಅವರ ಗಾಯನವನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದ್ದು ಒಂದೇ ಒಂದು ಸ್ಪೀಕರ್ ಇದ್ದ ಮಧ್ಯಮ ತರಂಗದ ರೇಡಿಯೊ. ಆ ಕಾಲದ ಕೇಳುಗರು ಸ್ಟೀರಿಯೊ ಇಲ್ಲವೆಂದು ಕೊರಗಿದಂತೆ ತೋರುವುದಿಲ್ಲ.

ಫಿಲಿಪ್ಸ್ ಕಂಪನಿ 1963ರಲ್ಲಿ ಪರಿಚಯಿಸಿದ ಕ್ಯಾಸೆಟ್ ಭಾರತದಲ್ಲಿ ಮನೆಮಾತಾದದ್ದು 1980ರ ದಶಕದಲ್ಲಿ. ರೇಡಿಯೊ ಮತ್ತು ಟೇಪ್ ಎರಡೂ ಇದ್ದ ‘ಟೂ ಇನ್ ಒನ್’ ಮದುವೆಯ ಉಡುಗೊರೆಯಾಯಿತು. 1991ರ ಆರ್ಥಿಕ ಉದಾರೀಕರಣದ ನಂತರ ವಿದೇಶಿ ಹೆಸರಿನ ‘ಮಿನಿ ಹೈಫೈ’ಗಳು ಅಂಗಡಿಗಳಿಗೆ ಬಂದವು. ಹೆಸರು ಮಿನಿಯಾದರೂ ಗಾತ್ರ ಮಿನಿಯಾಗಿರಲಿಲ್ಲ. ಮಿನುಗುವ ದೀಪಗಳು, ಮೂರು ಸಿ.ಡಿ.ಗಳ ತಟ್ಟೆ, ಮುಂಭಾಗದಲ್ಲಿ ದಪ್ಪ ಅಂಕಿಯಲ್ಲಿ ಬರೆದ ಸಾವಿರಾರು ವ್ಯಾಟ್. ಮನೆಯ ಅಂತಸ್ತನ್ನು ಸಾರುವ ವಸ್ತುಗಳಲ್ಲಿ ಸ್ಟೀರಿಯೊ ಸೇರಿಕೊಂಡದ್ದು ಆಗಲೇ. ಇಂದು ಅದನ್ನು ಮಾರಲು ಹೊರಟಾಗ ಮನಸ್ಸು ಹಿಂಜರಿಯುವುದಕ್ಕೆ ಮುಖ್ಯ ಕಾರಣವೂ ಆ ಅಂಕಿಯೇ. ‘ಎರಡು ಸಾವಿರ ವ್ಯಾಟ್ ಬಿಟ್ಟು ಇಪ್ಪತ್ತು ವ್ಯಾಟ್ ತರುವುದೇ?’

ವ್ಯಾಟಿನ ಮಾಯೆ

ಆ ಎರಡು ಸಾವಿರ ವ್ಯಾಟ್ ಎಂದೂ ಇರಲೇ ಇಲ್ಲ. ಪೆಟ್ಟಿಗೆಯ ಮೇಲಿನ ಅಂಕಿಯ ಪಕ್ಕದಲ್ಲಿ ‘ಪಿ.ಎಂ.ಪಿ.ಒ.’ ಎಂಬ ನಾಲ್ಕು ಅಕ್ಷರಗಳು ಇರುತ್ತಿದ್ದವು. ಕ್ಷಣಾರ್ಧದಲ್ಲಿ ಸಿಡಿಯಬಹುದಾದ ಗರಿಷ್ಠ ಶಕ್ತಿ ಎಂಬ ಅರ್ಥದ ಈ ಲೆಕ್ಕಕ್ಕೆ ಸರ್ವಸಮ್ಮತವಾದ ಅಳತೆಯ ವಿಧಾನವೇ ಇರಲಿಲ್ಲ. ತಯಾರಕರು ತಮಗೆ ತೋಚಿದಂತೆ ಎಣಿಸುತ್ತಿದ್ದರು. ಆಂಪ್ಲಿಫೈಯರ್ ನಿರಂತರವಾಗಿ ಕೊಡಬಲ್ಲ ಶಕ್ತಿಯನ್ನು ‘ಆರ್.ಎಂ.ಎಸ್.’ ವ್ಯಾಟ್‌ನಲ್ಲಿ ಹೇಳುತ್ತಾರೆ, ಪಿ.ಎಂ.ಪಿ.ಒ. ಅಂಕಿ ಅದರ ಹತ್ತಾರು ಪಟ್ಟು ಇರುವುದು ಸಾಮಾನ್ಯವಾಗಿತ್ತು.

ಇದನ್ನು ಯಾರು ಬೇಕಾದರೂ ತಮ್ಮ ಮನೆಯಲ್ಲೇ ಪರೀಕ್ಷಿಸಬಹುದು. ಸ್ಟೀರಿಯೊವನ್ನು ತಿರುಗಿಸಿ ಹಿಂಭಾಗದಲ್ಲಿ ಅಂಟಿಸಿದ ಚೀಟಿಯನ್ನು ಓದಿದರೆ, ಅದು ವಿದ್ಯುತ್ ಮಾರ್ಗದಿಂದ ಎಷ್ಟು ವ್ಯಾಟ್ ಎಳೆಯುತ್ತದೆ ಎಂಬುದು ಬರೆದಿರುತ್ತದೆ. ಮುಂದೆ ಎರಡು ಸಾವಿರವೆಂದು ಬರೆದ ಯಂತ್ರ ಹಿಂದೆ ನೂರರ ಆಸುಪಾಸಿನ ಅಂಕಿ ತೋರಿಸಿದರೆ ಆಶ್ಚರ್ಯಪಡಬೇಕಾಗಿಲ್ಲ. ಬಾವಿಯಿಂದ ಎತ್ತಿದ್ದಕ್ಕಿಂತ ಹೆಚ್ಚು ನೀರು ಹೊಲಕ್ಕೆ ಹರಿಯಲಾರದು.

ಇನ್ನು ನಿಜವಾದ ವ್ಯಾಟ್‌ಗಳಾದರೂ ಎಷ್ಟು ಬೇಕು? ಕಿವಿಯ ಲೆಕ್ಕ ಅಂಗಡಿಯ ಲೆಕ್ಕದಂತಲ್ಲ. ಆಂಪ್ಲಿಫೈಯರ್‌ನ ಶಕ್ತಿಯನ್ನು ಇಮ್ಮಡಿ ಮಾಡಿದರೆ ಸದ್ದು ಏರುವುದು ಕೇವಲ 3 ಡೆಸಿಬೆಲ್. ಗಮನವಿಟ್ಟರೆ ತಿಳಿಯುವಷ್ಟು ವ್ಯತ್ಯಾಸ. ಸದ್ದು ‘ಎರಡರಷ್ಟಾಯಿತು’ ಎಂದು ಕಿವಿಗೆ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಅದಕ್ಕೆ ಹತ್ತು ಪಟ್ಟು ಶಕ್ತಿ ಬೇಕು. ಅಂದರೆ 200 ವ್ಯಾಟ್‌ನ ಯಂತ್ರ 20 ವ್ಯಾಟ್‌ನ ಯಂತ್ರಕ್ಕಿಂತ ಕಿವಿಯ ಮಟ್ಟಿಗೆ ಎರಡು ಪಟ್ಟು ಮಾತ್ರ ಜೋರು. ಅದೂ ಎರಡನ್ನೂ ತುತ್ತತುದಿಗೆ ತಿರುಗಿಸಿದಾಗ.

ಸಾಧಾರಣ ಗುಣಮಟ್ಟದ ಪುಟ್ಟ ಸ್ಪೀಕರ್ ಒಂದು ವ್ಯಾಟ್ ಶಕ್ತಿಗೆ ಒಂದು ಮೀಟರ್ ದೂರದಲ್ಲಿ ಸುಮಾರು 85 ಡೆಸಿಬೆಲ್ ಸದ್ದು ಕೊಡುತ್ತದೆ. ಕೇಳುವವರು ಎರಡು ಮೀಟರ್, ಅಂದರೆ ಆರೂವರೆ ಅಡಿ ದೂರ ಕುಳಿತರೆ ಅದರಲ್ಲಿ ಹೆಚ್ಚೆಂದರೆ 6 ಡೆಸಿಬೆಲ್ ಕಳೆಯುತ್ತದೆ. ಜೋಡಿ ಸ್ಪೀಕರ್ ಆದ್ದರಿಂದ ಒಂದಿಷ್ಟು ಮರಳಿ ಸೇರುತ್ತದೆ. ಒಟ್ಟಿನಲ್ಲಿ 80 ಡೆಸಿಬೆಲ್‌ಗೆ ಕಡಿಮೆಯಿಲ್ಲ. ಎದುರುಬದುರು ಕುಳಿತು ಆಡುವ ಮಾತು 60 ಡೆಸಿಬೆಲ್ ಆಸುಪಾಸಿನಲ್ಲಿರುತ್ತದೆ ಎಂಬುದನ್ನು ನೆನೆದರೆ, ಹತ್ತು ಅಡಿಗೆ ಹನ್ನೆರಡು ಅಡಿ ಅಳತೆಯ ಅಂಕಣದಲ್ಲಿ ಒಂದೇ ವ್ಯಾಟ್ ಎಷ್ಟು ದೊಡ್ಡದು ಎಂಬುದು ಅರ್ಥವಾದೀತು. ತಬಲಾದ ಥಾಪು, ಗಾಯಕರ ತಾರಸ್ಥಾಯಿಯ ಕರೆ ಮೊದಲಾದ ಕ್ಷಣಿಕ ಏರಿಕೆಗಳಿಗೆ ಹತ್ತಿಪ್ಪತ್ತು ಪಟ್ಟು ಮೀಸಲು ಬೇಕೆಂದರೂ ಇಪ್ಪತ್ತು ನಿಜವಾದ ವ್ಯಾಟ್‌ಗಳು ಧಾರಾಳ. ಉಳಿದದ್ದೆಲ್ಲ ಪೆಟ್ಟಿಗೆಯ ಮೇಲಿನ ಅಲಂಕಾರ.

ಕಲ್ಲಿನ ಕೋಣೆಯ ಗುಣ

ದೊಡ್ಡ ಸ್ಪೀಕರ್ ಸಣ್ಣ ಕೋಣೆಗೆ ಅನಗತ್ಯವಷ್ಟೇ ಅಲ್ಲ, ಹಲವು ಸಲ ಹಾನಿಕರವೂ ಹೌದು. ಇದಕ್ಕೆ ಕಾರಣ ಸರಳ. 50 ಹರ್ಟ್ಸ್‌ನ ಮಂದ್ರ ನಾದದ ಒಂದು ಅಲೆಯ ಉದ್ದ ಸುಮಾರು 22 ಅಡಿ. ಹತ್ತು, ಹನ್ನೆರಡು ಅಡಿಗಳ ಕೋಣೆಯಲ್ಲಿ ಅಂಥ ಅಲೆಯ ಅರ್ಧ ಮಾತ್ರ ಹಿಡಿಸುತ್ತದೆ. ಎದುರುಬದುರು ಗೋಡೆಗಳ ನಡುವೆ ಅದು ಸಿಕ್ಕಿಬಿದ್ದು ಹಿಂದೆ ಮುಂದೆ ತೂಗುತ್ತ ಬೆಳೆಯುತ್ತದೆ. ಹನ್ನೆರಡಡಿಯ ಉದ್ದಕ್ಕೆ 47 ಹರ್ಟ್ಸ್, ಹತ್ತಡಿಯ ಅಗಲಕ್ಕೆ 56 ಹರ್ಟ್ಸ್ ಆಸುಪಾಸಿನಲ್ಲಿ ಈ ಅನುನಾದ ಏಳುತ್ತದೆ. ದೊಡ್ಡ ವೂಫರ್ ಬಲವಾಗಿ ದುಡಿಯುವುದೂ ಸರಿಯಾಗಿ ಅಲ್ಲಿಯೇ. ಪರಿಣಾಮವಾಗಿ ಡೋಲಿನ ಪ್ರತಿ ಪೆಟ್ಟೂ ‘ಗುಂಯ್’ ಎಂದು ಉಳಿದು ಮುಂದಿನ ಪೆಟ್ಟನ್ನು ನುಂಗುತ್ತದೆ. ಜೋರಾದ ಬಾಸ್ ಎಂದು ಹಿಂದೆ ಮೆಚ್ಚಿಕೊಂಡದ್ದರಲ್ಲಿ ಸ್ಪೀಕರಿನ ಪಾಲೆಷ್ಟು, ಗೋಡೆಯ ಪಾಲೆಷ್ಟು ಎಂದು ವಿಂಗಡಿಸುವುದು ಕಷ್ಟ. ಅಷ್ಟು ಕೆಳಕ್ಕೆ ಇಳಿಯದ ಪುಟ್ಟ ಸ್ಪೀಕರ್ ಈ ಅನುನಾದವನ್ನು ಅಷ್ಟಾಗಿ ಕೆಣಕುವುದಿಲ್ಲ.

ಸುತ್ತಣ ಗುಡ್ಡಗಳ ಕೆಂಪು ಮರಳುಗಲ್ಲು ಈ ಭಾಗದ ಮನೆಗಳ ಗೋಡೆಯಲ್ಲಿದೆ, ನೆಲದಲ್ಲಿದೆ. ಕಲ್ಲು, ಸಿಮೆಂಟು, ಗಾಜು ಇವು ದನಿಯನ್ನು ಹೀರದೆ ಮರಳಿ ಎಸೆಯುತ್ತವೆ. ಹಾಡಿನ ಸಾಹಿತ್ಯ ಕಲಸಿಹೋಗುವುದು, ಸ್ವರ ಚೂಪಾಗಿ ಕಿವಿಗೆ ಚುಚ್ಚುವುದು ಇದರಿಂದ. ಇದಕ್ಕೆ ಮಾರುಕಟ್ಟೆಯಲ್ಲಿ ದುಬಾರಿ ಫೋಮ್ ಹಲಗೆಗಳು ದೊರೆಯುತ್ತವೆ. ಮನೆಯಲ್ಲೇ ಇರುವ ದಪ್ಪನೆಯ ಕೌದಿಯನ್ನು ಸ್ಪೀಕರ್‌ಗಳ ಎದುರಿನ ಗೋಡೆಗೆ ತೂಗುಹಾಕಿ ನೆಲಕ್ಕೊಂದು ಜಮಖಾನೆ ಹಾಸಿದರೂ ಮೇಲುಸ್ವರಗಳ ಮಟ್ಟಿಗೆ ಆ ಕೆಲಸ ಬಹಳಷ್ಟು ಆಗುತ್ತದೆ. ಕೌದಿಯನ್ನು ಗೋಡೆಗೆ ತಾಗಿಸದೆ ನಾಲ್ಕು ಬೆರಳು ಮುಂದಕ್ಕೆ ಕಟ್ಟಿದರೆ ಪ್ರಯೋಜನ ಇನ್ನೂ ಹೆಚ್ಚು. ಹೊಸ ಸ್ಪೀಕರ್ ಕೊಳ್ಳುವ ಮುನ್ನ ಇದನ್ನೊಮ್ಮೆ ಮಾಡಿ ನೋಡುವುದು ಜಾಣತನ. ಕೆಲವರಿಗೆ ಹಳೆಯ ಸ್ಪೀಕರೇ ಹೊಸದಾಗಿ ಕೇಳಿಸಬಹುದು.

ಗೋಡೆಯ ಗೂಡು ಸಣ್ಣ ಸ್ಪೀಕರ್ ಇಡಲೆಂದೇ ಮಾಡಿದಂತೆ ಕಾಣುತ್ತದೆ. ಆದರೆ ಮೂರು ಕಡೆ ಕಲ್ಲು ಸುತ್ತುವರಿದ ಗೂಡಿನೊಳಗೆ ಇಟ್ಟರೆ ಗಂಡುದನಿ ಕೊಡದೊಳಗಿಂದ ಮಾತಾಡಿದಂತೆ ಕೇಳುತ್ತದೆ. ಗೋಡೆಯಿಂದ ಒಂದು ಗೇಣು ಮುಂದೆ, ಗಟ್ಟಿಯಾದ ಮಣೆಯ ಮೇಲೆ, ಕುಳಿತವರ ಕಿವಿಯ ಎತ್ತರಕ್ಕೆ ಇರಿಸುವುದು ಒಳ್ಳೆಯದು. ಬಾಸ್ ಸಾಲದೆನಿಸಿದರೆ ತುಸು ಗೋಡೆಯತ್ತ ಸರಿಸಬೇಕು. ಗೋಡೆಯ ಸಾಮೀಪ್ಯ ಮಂದ್ರವನ್ನು ಹೆಚ್ಚಿಸುತ್ತದೆ. ಇದಕ್ಕೆ ಕಾಸು ಖರ್ಚಿಲ್ಲ.

ಮಗ್ಗದ ಮುಂದೆ ಕುಳಿತು ಕೇಳುವವರ ವಿಷಯ ಬೇರೆಯೇ. ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವವರ ಕಿವಿ ನೆಲದಿಂದ ಎರಡು ಮೂರು ಅಡಿಯ ಮೇಲಷ್ಟೇ ಇರುತ್ತದೆ. ಆಳೆತ್ತರದ ಕಪಾಟಿನ ಮೇಲೆ ಕುಳಿತ ಸ್ಪೀಕರಿನ ಚೂಪು ಸ್ವರಗಳು ನೇರ ಗೆರೆಯಲ್ಲಿ ಸಾಗುವುದರಿಂದ ಅವರ ತಲೆಯ ಮೇಲೆ ಹಾದುಹೋಗುತ್ತವೆ. ಉಳಿಯುವುದು ಗದ್ದಲ ಮಾತ್ರ. ಅದನ್ನು ಮೀರಿಸಲೆಂದು ವಾಲ್ಯೂಮ್ ಏರುತ್ತದೆ. ಅದರ ಬದಲು ಅಂಗೈಯಗಲದ ಸ್ಪೀಕರ್ ಒಂದನ್ನು ಮೂರಡಿ ದೂರದಲ್ಲಿ ಕಿವಿಯ ಮಟ್ಟಕ್ಕೆ ಇಟ್ಟರೆ ಲಾಳಿಯ ಸದ್ದಿನ ನಡುವೆಯೂ ಪದಗಳು ಸ್ಪಷ್ಟವಾಗಿ ಕೇಳುತ್ತವೆ. ದೂರ ಅರ್ಧಕ್ಕೆ ಇಳಿದರೆ ಬೇಕಾಗುವ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ ಎಂಬ ಭೌತಶಾಸ್ತ್ರದ ನಿಯಮ ಇಲ್ಲಿ ನೆರವಿಗೆ ಬರುತ್ತದೆ. ವಿದ್ಯುತ್ ಮಗ್ಗಗಳ ಶೆಡ್ಡಿನಲ್ಲಿ ಮಾತ್ರ ಈ ಉಪಾಯ ನಡೆಯದು. ಅಲ್ಲಿನ ಸದ್ದು ಸಾಮಾನ್ಯವಾಗಿ 90 ಡೆಸಿಬೆಲ್ ಮೀರುತ್ತದೆ. ಅದರ ಮೇಲೆ ಹಾಡನ್ನು ಏರಿಸಿದರೆ ಹೋಗುವುದು ಕಿವಿ. ಅಲ್ಲಿ ಬೇಕಾದದ್ದು ಸ್ಪೀಕರ್ ಅಲ್ಲ, ಕಿವಿಗೆ ರಕ್ಷಣೆ.

ಕಿರಿದಾದಾಗ ಕಳೆಯುವುದು

ಸಣ್ಣ ಸ್ಪೀಕರ್‌ಗೆ ಮಿತಿಯಿಲ್ಲವೆಂದು ಹೇಳುವುದು ವ್ಯಾಪಾರಿಯ ಮಾತಾದೀತು. ಮಂದ್ರ ನಾದ ಹೊಮ್ಮಬೇಕಾದರೆ ಹೆಚ್ಚು ಗಾಳಿಯನ್ನು ತಳ್ಳಬೇಕು. ನಾಲ್ಕಿಂಚಿನ ಕಾಗದದ ಶಂಕು ತಳ್ಳುವ ಗಾಳಿ ಹತ್ತಿಂಚಿನದರ ಸಮಕ್ಕೆ ಬರಲಾರದು. ಇತ್ತೀಚಿನ ಚಿತ್ರಗೀತೆಗಳ ಎದೆ ನಡುಗಿಸುವ ತಾಳ ಪುಟ್ಟ ಸ್ಪೀಕರಿನಲ್ಲಿ ಮೇಜು ಬಡಿದಷ್ಟೇ ಕೇಳುತ್ತದೆ. ಹಬ್ಬದ ದಿನ ಓಣಿಗೆಲ್ಲ ಕೇಳಿಸಬೇಕೆಂಬ ಆಸೆಯಿದ್ದವರಿಗೂ ಇದು ತಕ್ಕದ್ದಲ್ಲ. ಓಣಿಯವರಿಗೆ ಆ ಆಸೆ ಇದೆಯೇ ಎಂಬುದು ಬೇರೆ ಪ್ರಶ್ನೆ.

ಆದರೆ ದಾಸವಾಣಿ, ವಚನ ಗಾಯನ, ಖ್ಯಾಲ್, ಭಾವಗೀತೆ, ರಂಗಗೀತೆ ಕೇಳುವವರಿಗೆ ಆಗುವ ನಷ್ಟ ಅತ್ಯಲ್ಪ. ಗಂಡಸಿನ ಹಾಡುದನಿಯ ಮೂಲ ಕಂಪನ ಸಾಮಾನ್ಯವಾಗಿ 80 ಹರ್ಟ್ಸ್‌ನಿಂದ ಮೇಲೆ, ಹೆಂಗಸಿನದು ಅದಕ್ಕೂ ಬಹಳ ಮೇಲೆ. ಇದಕ್ಕಿಂತ ಕೆಳಗಿಳಿಯುವುದು ತಂಬೂರಿಯ ಖರಜದ ತಂತಿ. ಗಂಡುಶ್ರುತಿಯಲ್ಲಿ ಅದು 65-70 ಹರ್ಟ್ಸ್‌ಗೆ ಬರುತ್ತದೆ. ಅಲ್ಲಿಯೂ ಪ್ರಕೃತಿಯೇ ಒಂದು ರಿಯಾಯಿತಿ ಕೊಟ್ಟಿದೆ. ಸರ್ ಸಿ.ವಿ. ರಾಮನ್ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ, ಕರಣೆ ಹಚ್ಚಿದ ನಮ್ಮ ಚರ್ಮವಾದ್ಯಗಳು ತಂತಿವಾದ್ಯಗಳಂತೆಯೇ ಕ್ರಮಬದ್ಧವಾದ ಅನುಸ್ವರಗಳನ್ನು ಹೊಮ್ಮಿಸುತ್ತವೆ ಎಂದು ತೋರಿಸಿದರು. ಅದರ ಮರುವರ್ಷ ಅವರು ತಂಬೂರಿ, ವೀಣೆಗಳ ಬಾಗಿದ ಕುದುರೆಯಿಂದ ಹುಟ್ಟುವ ಶ್ರೀಮಂತ ಅನುಸ್ವರಗಳ ಬಗೆಗೂ ಬರೆದರು. ಈ ಅನುಸ್ವರಗಳು ಕಿವಿಗೆ ಸರಿಯಾಗಿ ತಲುಪಿದರೆ, ಮೂಲ ಸ್ವರ ಕ್ಷೀಣವಾಗಿದ್ದರೂ ಮಿದುಳು ಅದನ್ನು ತಾನೇ ತುಂಬಿಕೊಳ್ಳುತ್ತದೆ. ಅಂಗೈಯಗಲದ ರೇಡಿಯೊದಲ್ಲೂ ತಂಬೂರಿ ತಂಬೂರಿಯಂತೆಯೇ ಕೇಳಿಸುತ್ತಿದ್ದುದರ ಗುಟ್ಟು ಇದೇ.

ಇಂಗ್ಲೆಂಡಿನ ಬಿ.ಬಿ.ಸಿ. ಸಂಸ್ಥೆಯ ಒಂದು ಉದಾಹರಣೆ ಇಲ್ಲಿ ಉಪಯುಕ್ತ. ಹೊರಾಂಗಣ ಪ್ರಸಾರದ ವ್ಯಾನುಗಳ ಇಕ್ಕಟ್ಟಿನಲ್ಲಿ ಕುಳಿತು ದನಿಯ ಗುಣವನ್ನು ಪರೀಕ್ಷಿಸುವ ತಂತ್ರಜ್ಞರಿಗಾಗಿ 1970ರ ದಶಕದಲ್ಲಿ ಅದರ ಎಂಜಿನಿಯರುಗಳು ‘ಎಲ್.ಎಸ್. 3/5ಎ’ ಎಂಬ ಪುಟ್ಟ ಸ್ಪೀಕರನ್ನು ರೂಪಿಸಿದರು. ಎತ್ತರ ಒಂದಡಿ, ಅಗಲ ಏಳೂವರೆ ಇಂಚು. ಎಪ್ಪತ್ತು ಎಂಬತ್ತು ಹರ್ಟ್ಸ್‌ಗಿಂತ ಕೆಳಗೆ ಅದರ ದನಿ ಇಳಿದುಹೋಗುತ್ತಿತ್ತು. ಜೋರಾಗಿ ನುಡಿಯುತ್ತಲೂ ಇರಲಿಲ್ಲ. ಆದರೆ ಮನುಷ್ಯನ ಮಾತನ್ನು ಇದ್ದಂತೆ ಕೇಳಿಸುತ್ತಿತ್ತು. ವ್ಯಾನಿಗಾಗಿ ಹುಟ್ಟಿದ ಆ ಪೆಟ್ಟಿಗೆ ಮುಂದೆ ಸಂಗೀತಪ್ರಿಯರ ಮನೆಗಳನ್ನು ಹೊಕ್ಕು ದಶಕಗಳ ಕಾಲ ಬೇಡಿಕೆ ಉಳಿಸಿಕೊಂಡಿತು. ಅದರ ಬೆಲೆ ಅಗ್ಗವಲ್ಲ. ಅದನ್ನು ಕೊಳ್ಳಬೇಕೆಂದೂ ಇಲ್ಲಿನ ಸಲಹೆಯಲ್ಲ. ಗಾತ್ರ ಕಿರಿದಾದರೆ ಗುಣ ಕಿರಿದಾಗಬೇಕಿಲ್ಲ ಎಂಬುದಕ್ಕೆ ಅದು ಸಾಕ್ಷಿ.

ಬಿಸಿಯಾಗದ ಆಂಪ್ಲಿಫೈಯರ್

ಹಳೆಯ ಸ್ಟೀರಿಯೊ ಎತ್ತಲು ಇಬ್ಬರು ಬೇಕಾಗುತ್ತಿದ್ದುದಕ್ಕೆ ಅದರೊಳಗಿನ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಮತ್ತು ಬಿಸಿ ಹೊರಹಾಕುವ ಅಲ್ಯೂಮಿನಿಯಂ ರೆಕ್ಕೆಗಳು ಕಾರಣ. ಎಳೆದ ವಿದ್ಯುತ್ತಿನಲ್ಲಿ ಅರ್ಧದಷ್ಟು, ಮೆಲ್ಲಗೆ ನುಡಿಯುವಾಗ ಅದಕ್ಕಿಂತಲೂ ಹೆಚ್ಚು ಪಾಲು, ಬಿಸಿಯಾಗಿ ಹೋಗುತ್ತಿತ್ತು. ‘ಕ್ಲಾಸ್ ಡಿ’ ಎಂಬ ವಿಧಾನದಲ್ಲಿ ಟ್ರಾನ್ಸಿಸ್ಟರ್‌ಗಳು ಸೆಕೆಂಡಿಗೆ ಲಕ್ಷಾಂತರ ಬಾರಿ ತೆರೆದು ಮುಚ್ಚುವ ಸ್ವಿಚ್ಚಿನಂತೆ ದುಡಿಯುವುದರಿಂದ ಪೂರ್ಣ ಶಕ್ತಿಯಲ್ಲಿ ಶೇಕಡಾ 90ರವರೆಗೂ ಸದುಪಯೋಗವಾಗುತ್ತದೆ. ಅಮೆರಿಕದ ಟ್ರೈಪಾಥ್ ಎಂಬ ಕಂಪನಿಯ ಚಿಪ್ ಬಳಸಿದ, ಆಟಿಕೆಯಂತೆ ಕಾಣುವ ಅಗ್ಗದ ಆಂಪ್ಲಿಫೈಯರ್ ಒಂದು 2004ರ ಸುಮಾರಿಗೆ ದುಬಾರಿ ಯಂತ್ರಗಳ ಅಭಿಮಾನಿಗಳನ್ನೂ ಬೆರಗಾಗಿಸಿತು. ಆ ಕಂಪನಿ 2007ರಲ್ಲಿ ದಿವಾಳಿಯೆದ್ದರೂ ದಾರಿ ಮುಚ್ಚಲಿಲ್ಲ. ಇಂದು ಹಸ್ತದಗಲದ ಕ್ಲಾಸ್ ಡಿ ಆಂಪ್ಲಿಫೈಯರ್‌ಗಳು ಸಾವಿರ, ಎರಡು ಸಾವಿರ ರೂಪಾಯಿಗಳ ಆಸುಪಾಸಿನಲ್ಲಿ ಸಿಗುತ್ತವೆ. ಇವುಗಳಲ್ಲಿ ಹಲವು 12 ವೋಲ್ಟ್‌ನಲ್ಲೂ ನಡೆಯುವುದರಿಂದ ಕರೆಂಟು ಹೋದಾಗ ಬ್ಯಾಟರಿಗೆ ಜೋಡಿಸಬಹುದು.

ಒಂದು ಎಚ್ಚರಿಕೆ ಅಗತ್ಯ. ಇಂಥ ಆಂಪ್ಲಿಫೈಯರ್‌ಗಳೂ ಅವುಗಳ ಅಗ್ಗದ ಅಡಾಪ್ಟರ್‌ಗಳೂ ಸುತ್ತಮುತ್ತ ರೇಡಿಯೊ ತರಂಗಗಳ ಗದ್ದಲವನ್ನು ಹರಡುತ್ತವೆ. ಪಕ್ಕದಲ್ಲಿಟ್ಟ ಮಧ್ಯಮ ತರಂಗದ ರೇಡಿಯೊದಲ್ಲಿ ಧಾರವಾಡ ಕೇಂದ್ರ ಹಿಡಿದರೆ ‘ಸುಂಯ್’ ಎಂಬ ಸದ್ದು ಕೇಳಬಹುದು. ರೇಡಿಯೊವನ್ನು ಇನ್ನೊಂದು ಅಂಕಣಕ್ಕೆ ಸರಿಸುವುದು ಸುಲಭದ ಪರಿಹಾರ. ಪ್ರಸಾರ ಭಾರತಿಯ ‘ನ್ಯೂಸ್ ಆನ್ ಏರ್’ ಆ್ಯಪ್‌ನಲ್ಲಿ ಆಕಾಶವಾಣಿ ಕೇಂದ್ರಗಳನ್ನು ಮೊಬೈಲ್ ಮೂಲಕವೂ ಕೇಳಬಹುದಾದರೂ, ಹಿರಿಯರು ರೇಡಿಯೊದ ಗುಂಡಿಯನ್ನೇ ನಂಬುತ್ತಾರೆ. ಅವರ ಈ ಅಭ್ಯಾಸಕ್ಕೆ ಭಂಗ ತರದಿರುವುದು ಲೇಸು.

ಯಾವುದನ್ನು ಕೊಳ್ಳಬೇಕು?

ಅತ್ಯಂತ ಅಗ್ಗದ ದಾರಿ ಬಹುತೇಕರಿಗೆ ಹೊಳೆಯುವುದೇ ಇಲ್ಲ. ಹಳೆಯ ವ್ಯವಸ್ಥೆಯಲ್ಲಿ ಕೆಟ್ಟಿರುವುದು ಸಾಮಾನ್ಯವಾಗಿ ಡೆಕ್ಕು, ಸಿ.ಡಿ. ತಟ್ಟೆ, ಗುಂಡಿಗಳು, ಸ್ಪೀಕರ್‌ಗಳು ಹಲವು ಸಲ ಚೆನ್ನಾಗಿಯೇ ಇರುತ್ತವೆ. ಮಧ್ಯದ ಯಂತ್ರವನ್ನು ತೆಗೆದು ಹೊಸ ಪುಟ್ಟ ಆಂಪ್ಲಿಫೈಯರ್‌ಗೆ ಹಳೆಯ ಸ್ಪೀಕರ್‌ಗಳನ್ನು ಜೋಡಿಸಿದರೆ ಅರ್ಧದಷ್ಟು ಜಾಗ ಉಳಿಯುತ್ತದೆ. ಮೊದಲು ಪರೀಕ್ಷೆ ಮಾಡಬೇಕು. ಶಂಕುವಿನ ಅಂಚು ಸ್ಪಂಜಿನದಾಗಿದ್ದರೆ ಹತ್ತಿಪ್ಪತ್ತು ವರ್ಷಗಳಲ್ಲಿ ಪುಡಿಯಾಗಿರುವ ಸಾಧ್ಯತೆ ಹೆಚ್ಚು. ರಬ್ಬರ್ ಅಥವಾ ಬಟ್ಟೆಯ ಅಂಚು ಬಾಳಿಕೆ ಬರುತ್ತದೆ. ಎರಡು ಬೆರಳಿನಿಂದ ಶಂಕುವನ್ನು ಮೆಲ್ಲಗೆ ಒಳಕ್ಕೆ ಒತ್ತಿದಾಗ ಉಜ್ಜಿದ ಸದ್ದು ಬಂದರೆ ಒಳಗಿನ ಸುರುಳಿ ಕೆಟ್ಟಿದೆ ಎಂದರ್ಥ. ಹಿಂಭಾಗದಲ್ಲಿ 4ರಿಂದ 8 ಓಮ್ ಎಂದಿದ್ದರೆ ಅಡ್ಡಿಯಿಲ್ಲ. ಕೆಲವು ಮಿನಿ ಹೈಫೈಗಳಲ್ಲಿದ್ದಂತೆ 3 ಓಮ್ ಇದ್ದರೆ ಪುಟ್ಟ ಆಂಪ್ಲಿಫೈಯರ್ ದಣಿಯುತ್ತದೆ. ತಂತಿ ಜೋಡಿಸುವಾಗ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಬರಬೇಕು. ಒಂದು ಪೆಟ್ಟಿಗೆಯಲ್ಲಿ ಅದಲುಬದಲಾದರೂ ಬಾಸ್ ಮಾಯವಾಗಿ ಗಾಯಕರ ದನಿ ಎಲ್ಲಿಂದ ಬರುತ್ತಿದೆ ಎಂದು ತಿಳಿಯದಾಗುತ್ತದೆ. ಬಹಳ ಮಂದಿ ಇದನ್ನೇ ಹೊಸ ಆಂಪ್ಲಿಫೈಯರ್‌ನ ದೋಷವೆಂದು ಬಗೆದು ಹಿಂದಿರುಗಿಸುತ್ತಾರೆ.

ಹಳೆಯ ಸ್ಪೀಕರ್ ಕೆಟ್ಟಿದ್ದರೆ, ಆಂಪ್ಲಿಫೈಯರ್ ಒಳಗೇ ಇರುವ ಜೋಡಿ ಸ್ಪೀಕರ್ ಸೂಕ್ತ. ಕಂಪ್ಯೂಟರ್ ಮೇಜಿಗೆಂದು ಮಾರುವ ಚಿಕ್ಕ ಜೋಡಿಗಳು ಎರಡು ಮೂರು ಸಾವಿರ ರೂಪಾಯಿಯಿಂದ ಆರಂಭವಾಗುತ್ತವೆ; ಕೋಣೆ ತುಂಬುವ ಮರದ ಪೆಟ್ಟಿಗೆಯ ಜೋಡಿಗೆ ಅದರ ಮೂರು ನಾಲ್ಕು ಪಟ್ಟು ತೆರಬೇಕು. ಇವೆರಡರ ನಡುವಿನ ಬೆಲೆಯಲ್ಲಿ ಮಿನುಗುವ ದೀಪ, ದೊಡ್ಡ ಸಬ್‌ವೂಫರ್ ಹೊತ್ತ ಸೆಟ್‌ಗಳು ಧಾರಾಳವಾಗಿ ದೊರೆಯುತ್ತವೆ. ಸಣ್ಣ ಕೋಣೆಯಲ್ಲಿ ಅವು ಹಳೆಯ ಮಿನಿ ಹೈಫೈನ ತಪ್ಪನ್ನೇ ಮತ್ತೆ ಮಾಡುತ್ತವೆ.

ಒಂದೇ ಡಬ್ಬಿಯ ಬ್ಲೂಟೂತ್ ಸ್ಪೀಕರ್ ಮೂರನೆಯ ದಾರಿ. ಬ್ಯಾಟರಿಯಿಂದ ನಡೆಯುತ್ತದೆ, ಅಡುಗೆಮನೆಗೂ ಮಗ್ಗದ ಬದಿಗೂ ಒಯ್ಯಬಹುದು. ಎಡಬಲಗಳ ಅಂತರವಿಲ್ಲದ್ದರಿಂದ ಸ್ಟೀರಿಯೊದ ಅನುಭವ ನಾಮಮಾತ್ರ. ದಪ್ಪ ಕಲ್ಲಿನ ಗೋಡೆಯಾಚೆ ಬ್ಲೂಟೂತ್ ಸಂಪರ್ಕ ತುಂಡಾಗುವುದೂ ಉಂಟು. ಮೊಬೈಲಿನ ಗೊಡವೆ ಬೇಡವೆನ್ನುವ ಹಿರಿಯರಿಗೆ, ಹಾಡುಗಳನ್ನು ಮೊದಲೇ ತುಂಬಿ ಹಳೆಯ ರೇಡಿಯೊದ ಆಕಾರದಲ್ಲಿ ಮಾರುವ ಪೆಟ್ಟಿಗೆಗಳಿವೆ. ಸಾರೆಗಾಮ ಕಂಪನಿ 2017ರಲ್ಲಿ ಹೊರತಂದ ‘ಕಾರವಾನ್’ ಈ ಬಗೆಯದು, ಅದರ ಕನ್ನಡ ಆವೃತ್ತಿಯೂ ಬಂದಿದೆ. ಅದರ ಯಶಸ್ಸು ಒಂದು ವಿಷಯವನ್ನು ಸಾರುತ್ತದೆ: ಬಹಳ ಜನರಿಗೆ ಬೇಕಾಗಿದ್ದುದು ಹೆಚ್ಚಿನ ವ್ಯಾಟ್ ಅಲ್ಲ, ತಿರುಗಿಸಲು ಒಂದು ಗುಂಡಿ.

ಗುಜರಿಗೆ ಹಾಕುವ ಮುನ್ನ

ಹಳೆಯ ಸ್ಟೀರಿಯೊವನ್ನು ಬೀಳ್ಕೊಡುವ ಅವಸರದಲ್ಲಿ ಆಗುವ ನಿಜವಾದ ನಷ್ಟ ಬಾಸ್‌ನದೂ ಅಲ್ಲ, ವ್ಯಾಟಿನದೂ ಅಲ್ಲ. ಡೆಕ್ಕಿನ ಜತೆ ಕ್ಯಾಸೆಟ್‌ಗಳ ಪೆಟ್ಟಿಗೆಯೂ ಹೊರಟುಹೋಗುತ್ತದೆ. ಅಂಗಡಿಯಲ್ಲಿ ಕೊಂಡ ಚಿತ್ರಗೀತೆ, ಭಕ್ತಿಗೀತೆಗಳ ಬಗೆಗೆ ಚಿಂತಿಸಬೇಕಿಲ್ಲ. ಅವುಗಳಲ್ಲಿ ಬಹುಪಾಲು ಅಂತರ್ಜಾಲದಲ್ಲಿ ಇನ್ನೂ ಸ್ವಚ್ಛವಾಗಿ ದೊರೆಯುತ್ತವೆ. ಮನೆಯಲ್ಲೇ ತುಂಬಿಸಿದ ಕ್ಯಾಸೆಟ್‌ಗಳ ಮಾತು ಬೇರೆ. ಮಠದ ಅಂಗಳದಲ್ಲಿ ನಡೆದ ಪುರಾಣ, ಅಜ್ಜಿ ಹಾಡಿದ ಸೋಬಾನೆ ಪದ, ಮದುವೆಯ ದಿನದ ಮಾತುಕತೆ, ಭಜನಾ ಮೇಳದ ಶನಿವಾರದ ರಾತ್ರಿ, ಸೊಲ್ಲಾಪುರಕ್ಕೋ ಮುಂಬೈಗೋ ದುಡಿಯಲು ಹೋದವರು ಕಾಗದದ ಬದಲು ಕಳಿಸಿದ ದನಿ. ಇವುಗಳಿಗೆ ಜಗತ್ತಿನಲ್ಲಿ ಬೇರೊಂದು ಪ್ರತಿ ಇಲ್ಲ. ಹಾಡಿದವರಲ್ಲಿ ಹಲವರೂ ಇಲ್ಲ.

ಕ್ಯಾಸೆಟ್ ತಾನಾಗಿ ಶಾಶ್ವತವಲ್ಲ. ಬಾಗಲಕೋಟೆ ಜಿಲ್ಲೆಯ ಬೇಸಿಗೆಯ ಬಿಸಿ ಅದಕ್ಕೆ ಒಳ್ಳೆಯದಲ್ಲ. ಮಗ್ಗದ ಮನೆಯಲ್ಲಿ ನೂಲಿನ ಎಳೆಧೂಳೂ ಸೇರುತ್ತದೆ. ಆದರೂ ಬಹಳಷ್ಟು ಕ್ಯಾಸೆಟ್‌ಗಳು ಮೂವತ್ತು, ನಲವತ್ತು ವರ್ಷಗಳ ನಂತರವೂ ನುಡಿಯುತ್ತವೆ. ನುಡಿಸುವ ಯಂತ್ರವೇ ಮೊದಲು ಸಾಯುತ್ತದೆ. ಡೆಕ್ಕಿನೊಳಗಿನ ರಬ್ಬರ್ ಬೆಲ್ಟ್ ಕಾಲಾನಂತರದಲ್ಲಿ ಸಡಿಲಗೊಳ್ಳುತ್ತದೆ, ಕೆಲವೊಮ್ಮೆ ಕರಗಿ ಡಾಂಬರಿನಂತಾಗುತ್ತದೆ. ಹಾಡು ಎಳೆದೆಳೆದು ಕೇಳುವುದು, ಟೇಪು ಸುರುಳಿ ಬಿಚ್ಚಿ ಸಿಕ್ಕಿಕೊಳ್ಳುವುದು ಇದರ ಲಕ್ಷಣ. ಬೆಲ್ಟ್ ಅಗ್ಗದ ವಸ್ತು. ಟೇಪ್ ರಿಪೇರಿ ಬಲ್ಲ ಹಳೆಯ ಕೈ ಸಿಗುವುದೇ ಕಷ್ಟ. ಅಂಥವರು ಊರಿನಲ್ಲಿ ಇನ್ನೂ ಅಂಗಡಿ ಇಟ್ಟಿರುವಾಗಲೇ ಈ ಕೆಲಸ ಮುಗಿಸಿಕೊಳ್ಳಬೇಕು.

ವಿಧಾನ ಕಠಿಣವೇನಲ್ಲ. ಮೊದಲು ಕ್ಯಾಸೆಟ್‌ನ ಮೇಲಂಚಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಚಕ್ಕೆಗಳನ್ನು ಮುರಿಯಬೇಕು. ಆಗ ಕೈತಪ್ಪಿ ಕೆಂಪು ಗುಂಡಿ ಒತ್ತಿದರೂ ಅಳಿಸಿಹೋಗುವುದಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಡೆಕ್ಕಿನ ಹೆಡ್ಡನ್ನು ಒರೆಸಬೇಕು. ವರ್ಷಗಟ್ಟಲೆ ಮುಟ್ಟದ ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿದರೆ ಟೇಪು ಸಡಿಲಗೊಂಡು ಸರಾಗವಾಗಿ ಓಡುತ್ತದೆ. ಬಳಿಕ ಡೆಕ್ಕಿನ ‘ಲೈನ್ ಔಟ್’ನಿಂದ, ಅದಿಲ್ಲದಿದ್ದರೆ ಹೆಡ್‌ಫೋನ್ ರಂಧ್ರದಿಂದ, ಕಂಪ್ಯೂಟರ್‌ನ ‘ಲೈನ್ ಇನ್’ಗೆ ತಂತಿ ಜೋಡಿಸಿ ‘ಆಡಾಸಿಟಿ’ಯಂಥ ಉಚಿತ ತಂತ್ರಾಂಶದಲ್ಲಿ ಮುದ್ರಿಸಿಕೊಳ್ಳಬಹುದು. ಲೈನ್ ಇನ್ ಇಲ್ಲದ ಲ್ಯಾಪ್‌ಟಾಪ್‌ಗಳಿಗೆ ಯು.ಎಸ್.ಬಿ.ಗೆ ಸಿಕ್ಕಿಸುವ ಪುಟ್ಟ ಸಾಧನ ದೊರೆಯುತ್ತದೆ. ಒಂದು ಗಂಟೆಯ ಕ್ಯಾಸೆಟ್‌ಗೆ ಒಂದು ಗಂಟೆಯೇ ಬೇಕು. ಇಲ್ಲಿ ಅವಸರದ ದಾರಿಯಿಲ್ಲ. ಸಿ.ಡಿ. ಗುಣಮಟ್ಟದಲ್ಲಿ ಒಂದು ಗಂಟೆಗೆ 600 ಎಂ.ಬಿ.ಗಿಂತ ತುಸು ಹೆಚ್ಚು, 128 ಕೆ.ಬಿ.ಪಿ.ಎಸ್. ಎಂ.ಪಿ.3 ಮಾಡಿದರೆ 60 ಎಂ.ಬಿ.ಗಿಂತ ಕಡಿಮೆ. ನೂರು ಕ್ಯಾಸೆಟ್‌ಗಳ ಎಂ.ಪಿ.3 ಪ್ರತಿ 8 ಜಿ.ಬಿ.ಯ ಪೆನ್‌ಡ್ರೈವ್‌ನಲ್ಲಿ ಅಡಗುತ್ತದೆ. ಆದರೆ ಪೆನ್‌ಡ್ರೈವ್ ಕೂಡ ಕೆಡುವ ವಸ್ತುವೇ. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ಮಗಳ ಬಳಿಯೋ ತಮ್ಮನ ಬಳಿಯೋ ಇರಬೇಕು. ಕಡತಕ್ಕೆ ಹಾಡಿದವರ ಹೆಸರು, ಊರು, ಸುಮಾರು ಇಸವಿ ಬರೆಯುವುದನ್ನು ಮರೆಯಬಾರದು. ಆ ದನಿ ಯಾರದೆಂದು ಗುರುತಿಸಬಲ್ಲವರು ಮನೆಯಲ್ಲಿ ಒಬ್ಬಿಬ್ಬರೇ ಇರುತ್ತಾರೆ. ಕ್ಯಾಸೆಟ್ ನುಡಿಯುವಾಗ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಕೆಲಸ ಸುಲಭ.

ಇದೆಲ್ಲ ಮುಗಿದ ಬಳಿಕ ಡೆಕ್ಕನ್ನು ಕಳಿಸಿಕೊಡಬಹುದು. ನುಡಿಯುವ ಸ್ಥಿತಿಯಲ್ಲಿದ್ದರೆ ಹಳೆಯ ವಸ್ತುಗಳನ್ನು ಹುಡುಕುವವರು ಕೊಳ್ಳುತ್ತಾರೆ. ಕೆಟ್ಟಿದ್ದರೆ ರಿಪೇರಿಯವರಿಗೆ ಬಿಡಿಭಾಗಗಳಿಗಾಗಿ ಬೇಕಾಗುತ್ತದೆ. ಇವೆರಡೂ ಅಲ್ಲದಿದ್ದರೆ ಅದು ಇ-ತ್ಯಾಜ್ಯ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದರ ಮರುಬಳಕೆ ನೋಂದಾಯಿತ ಘಟಕಗಳಲ್ಲೇ ನಡೆಯಬೇಕು. ತಾಮ್ರಕ್ಕಾಗಿ ತಂತಿ ಸುಡುವವರ ಕೈಗೆ ಅದು ಹೋಗಬಾರದು. ಸೀಸ ಬೆರೆತ ಬೆಸುಗೆಯೂ ಪ್ಲಾಸ್ಟಿಕ್ಕೂ ಸುಟ್ಟ ಹೊಗೆ ಓಣಿಯಲ್ಲೇ ಉಳಿಯುತ್ತದೆ. ಸ್ಪೀಕರಿನ ಹಿಂದಿನ ಅಯಸ್ಕಾಂತಗಳನ್ನು ಬಿಚ್ಚಿ ಇಟ್ಟುಕೊಳ್ಳುವ ಮಕ್ಕಳಿದ್ದರೆ, ಕ್ಯಾಸೆಟ್‌ಗಳನ್ನು ಅವುಗಳಿಂದ ದೂರವಿರಿಸಬೇಕು.